ಮುಳ್ಳು ನಡುವೇ ನಿಂತಿತ್ತು

ಹೋದ ಬೇಸಿಗೆಯ ಮಾತು. ಚಿತ್ತಾಪುರ ಕಡೆಯ ಖಣಿಯಿಂದ ನನ್ನ ಪಿಕಪ್ ಗಾಡಿಯಲ್ಲಿ ಪರ್ಸಿ ತುಂಬಿಕೊಂಡು ಬೀದರಿಗೆ ಹೊರಟಿದ್ದೆ. ಹೊರಗಿನವರು ಶಹಾಬಾದ್ ಕಲ್ಲು ಅನ್ನುವುದನ್ನೇ ನಾವು ಪರ್ಸಿ ಅನ್ನುತ್ತೇವೆ. ಕಲ್ಲಿನ ಲೋಡು ತೊಗರಿ ಚೀಲದ ಲೋಡಿನ ಹಾಗಲ್ಲ, ನೋಡಲಿಕ್ಕೆ ಅರ್ಧ ಗಾಡಿಯೂ ತುಂಬಿರುವುದಿಲ್ಲ, ಆದರೆ ಹಿಂದಿನ ಪಾಟಾ, ಅಂದರೆ ಬಾಗಿದ ಸ್ಪ್ರಿಂಗ್ ಪಟ್ಟಿ, ನೆಟ್ಟಗಾಗಿ ಹೋಗಿರುತ್ತದೆ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ, ಬೀದರ್ 600 ಮೀಟರಿಗೂ ಮೇಲೆ. ಹಾಗಾಗಿ ಕಮಲಾಪುರ ದಾಟಿದ ಮೇಲೆ ಖಾಲಿ ಗಾಡಿಗೆ ತಿಳಿಯದ ಏರು ತುಂಬಿದ ಗಾಡಿಗೆ ಚೆನ್ನಾಗಿ ತಿಳಿಯುತ್ತದೆ.

ಅಂಥ ಒಂದು ಏರಿನಲ್ಲಿ ಗಾಡಿ ಎಳೆಯುವುದನ್ನು ಬಿಟ್ಟಿತು. ಮೂರನೇ ಗೇರಿನಲ್ಲಿ ಹೋಗುತ್ತಿದ್ದದ್ದು ಎರಡಕ್ಕೆ ಬಂತು, ಎರಡರಲ್ಲೂ ಉಸಿರು ಹಿಡಿದ ಹಾಗೆ. ಕ್ಯಾಬಿನ್ನಿನೊಳಗೆ ಸುಟ್ಟ ಬಣ್ಣದ ವಾಸನೆ. ನಾನು ಮೊದಲು ನೋಡಿದ್ದು ಟೆಂಪರೇಚರ್ ಮೀಟರನ್ನೇ. ಮುಳ್ಳು ಸರಿಯಾಗಿ ನಡುವೆ ನಿಂತಿತ್ತು. ಅಲ್ಲಲ್ಲ, ನಡುವಿಗಿಂತ ಒಂದು ಕೂದಲು ಕೆಳಗೇ ಇತ್ತು. ಹಾಗಾದರೆ ಇಂಜಿನ್ ಬಿಸಿಯಾಗಿಲ್ಲ, ಡೀಸೆಲ್ಲೇ ಬರುತ್ತಿಲ್ಲ ಅಂದುಕೊಂಡು ಇನ್ನೊಂದು ಕಿಲೋಮೀಟರ್ ಓಡಿಸಿದೆ. ಆ ಒಂದು ಕಿಲೋಮೀಟರೇ ನನಗೆ ಬಿದ್ದ ದಂಡ.

ಗಾಡಿಯನ್ನು ಎಳೆಸಿಕೊಂಡು ಕಲಬುರಗಿಯ ಹುಮನಾಬಾದ್ ರಿಂಗ್ ರೋಡಿನ ಹತ್ತಿರದ ಉಸ್ತಾದರ ಗ್ಯಾರೇಜಿಗೆ ತಂದೆ. ಅವರು ಬಾನೆಟ್ ಎತ್ತಿ ಕೆಳಗಿನ ಹೋಸ್ ಪೈಪಿನ ಕ್ಲಿಪ್ಪನ್ನು ಬೆರಳಲ್ಲೇ ತಿರುಗಿಸಿ ತೋರಿಸಿದರು. ಸಡಿಲಾಗಿತ್ತು. ನೀರೆಲ್ಲ ದಾರಿಯಲ್ಲೇ ಸುರಿದು ಹೋಗಿತ್ತು. ಹೆಡ್, ಅಂದರೆ ಇಂಜಿನ್ನಿನ ಮೇಲಿನ ಮುಚ್ಚಳ, ಬಿಚ್ಚಿದಾಗ ಅದರ ಕೆಳಗಿನ ಗ್ಯಾಸ್ಕೆಟ್ ಎರಡನೇ ಮತ್ತು ಮೂರನೇ ಸಿಲಿಂಡರ್ ನಡುವೆ ಸುಟ್ಟಿತ್ತು. ಹೆಡ್ ಮೇಲೆ ಉಕ್ಕಿನ ಪಟ್ಟಿ ಇಟ್ಟರೆ ನಡುವೆ ಬೆಳಕು ಕಾಣುತ್ತಿತ್ತು, ಅಂದರೆ ಹೆಡ್ ಸೊಟ್ಟಗಾಗಿತ್ತು.

"ಉಸ್ತಾದ್, ಮುಳ್ಳು ನಡುವೇ ಇತ್ರಿ. ಮೀಟರ್ ಸುಳ್ಳ ಹೇಳ್ತು" ಅಂದೆ.

"ಅರೆ ಅಣ್ಣಾ, ಮುಳ್ಳ ಸುಳ್ಳ ಹೇಳಿಲ್ಲ. ನೀರ ಎಷ್ಟ ಬಿಸಿ ಅದ ಅಂತ ಕೇಳಿದ್ರ ಅದು ಹೇಳ್ತದ. ನೀರೇ ಇಲ್ಲಂದ್ರ ಪಾಪ ಅದೇನ್ ಹೇಳ್ಬೇಕು?"

ಇಪ್ಪತ್ತು ವರ್ಷ ಗಾಡಿ ಓಡಿಸಿದವನಿಗೆ ಇದು ಗೊತ್ತಿರಲಿಲ್ಲ ಅಂತ ಹೇಳಲಿಕ್ಕೆ ನಾಚಿಕೆಯಿಲ್ಲ. ಸೆನ್ಸರ್ ಕೂತಿರುವುದು ನೀರು ಹರಿಯುವ ದಾರಿಯಲ್ಲಿ. ನೀರು ಮುಟ್ಟುತ್ತಿದ್ದರೆ ನೀರಿನ ಬಿಸಿ ಹೇಳುತ್ತದೆ. ನೀರು ಖಾಲಿಯಾದರೆ ಅದರ ಸುತ್ತ ಉಳಿಯುವುದು ಗಾಳಿ ಮತ್ತು ಹಬೆ. ಅವು ನೀರಿನ ಹಾಗೆ ಬಿಸಿಯನ್ನು ಒಯ್ದು ಕೊಡುವುದಿಲ್ಲ. ಹೆಡ್ಡು ಕೆಂಡವಾಗುತ್ತಿದ್ದರೂ ಮುಳ್ಳು ಕೆಳಗೇ ಇಳಿಯಬಹುದು.

ಹೆಡ್ಡನ್ನು ಲೇತಿಗೆ ಕಳಿಸಿ, ಮೈ ಸಮ ಮಾಡುವ ಫೇಸಿಂಗ್ ಮಾಡಿಸಿ, ಗ್ಯಾಸ್ಕೆಟ್ ಹಾಕಿಸುವ ಆ ಹತ್ತು ದಿನದಲ್ಲಿ ನಾನು ತೀರ್ಮಾನ ಮಾಡಿದೆ: ಗಾಡಿ ಹೇಗೂ ಬಿಚ್ಚಿದೆ, ಮೀಟರುಗಳನ್ನು ಬೇರೆಯಾಗಿಯೇ ಹಾಕೋಣ. ಗಾಡಿ 2008ರ ಮಾಡೆಲ್, ಟರ್ಬೊ ಇಲ್ಲದ ಡೀಸೆಲ್ ಪಿಕಪ್. ಡ್ಯಾಶ್‌ಬೋರ್ಡಿನಲ್ಲಿ ಆಯಿಲಿಗೆ ಮೀಟರಿಲ್ಲ, ಒಂದು ಕೆಂಪು ದೀಪ ಮಾತ್ರ. ಆ ದೀಪ ಹತ್ತುವುದು ಪ್ರೆಶರ್ ಅರ್ಧ ಬಾರಿನ (ಬಾರ್ ಅಂದರೆ ಒತ್ತಡದ ಅಳತೆ) ಸುತ್ತಮುತ್ತ ಇಳಿದ ಮೇಲೆ. ಅಷ್ಟೊತ್ತಿಗೆ ಬೇರಿಂಗುಗಳ ಪಾಡು ಮುಗಿದಿರುತ್ತದೆ. ಹಾಗಾಗಿ ನನಗೆ ಬೇಕಾಗಿದ್ದು ನಾಲ್ಕು: ನೀರಿನ ಬಿಸಿ, ಹೆಡ್ಡಿನ ಲೋಹದ್ದೇ ಬಿಸಿ, ಆಯಿಲ್ ಪ್ರೆಶರ್, ಬ್ಯಾಟ್ರಿಯ ವೋಲ್ಟೇಜು. ಮಗ ಮೊಬೈಲಿನಲ್ಲಿ ಹುಡುಕಿ "ಅಪ್ಪಾ, ಬೂಸ್ಟ್ ಮೀಟರ್ ಭಾಳ ಮಸ್ತ್ ಅದ ನೋಡು, ನೀಲಿ ಲೈಟ್ ಬರ್ತದ" ಅಂತ ಗಂಟು ಬಿದ್ದ. ಟರ್ಬೊ ತಳ್ಳುವ ಗಾಳಿಯ ಒತ್ತಡ ತೋರಿಸುವ ಮೀಟರದು. ಇಲ್ಲದ ಟರ್ಬೊಗೆ ಮೀಟರ್ ಹಾಕಿ ದಿನಾ ಸೊನ್ನೆ ನೋಡಿಕೊಂಡು ಕೂಡುವುದೇ?

ಉಸ್ತಾದರು ಟ್ರ್ಯಾಕ್ಟರಿಗೆ ಬರುವ ಮೆಕ್ಯಾನಿಕಲ್ ಮೀಟರ್ ಹಾಕು ಅಂದರು. ಅದಕ್ಕೆ ಕರೆಂಟೇ ಬೇಡ, ಸಣ್ಣ ಕೊಳವೆಯಲ್ಲಿ ಆಯಿಲೇ ಮೀಟರಿನವರೆಗೆ ಬಂದು ಮುಳ್ಳನ್ನು ತಳ್ಳುತ್ತದೆ. ಒಳ್ಳೆಯ ಸಾಮಾನೇ. ಆದರೆ ಟ್ರ್ಯಾಕ್ಟರಿನಲ್ಲಿ ಸೋರಿದರೆ ನೆಲಕ್ಕೆ ಬೀಳುತ್ತದೆ, ಇಲ್ಲಿ ಕುದಿಯುವ ಆಯಿಲ್ ನನ್ನ ಮೊಣಕಾಲಿಗೆ ಬೀಳುತ್ತದೆ. ಬೇಡ ಅಂದು ಹೈದರಾಬಾದಿನಿಂದ ಎಲೆಕ್ಟ್ರಿಕ್ ಮೀಟರುಗಳನ್ನು, ಅವಕ್ಕೆ ಜೋಡಿಯಾದ ಸೆಂಡರುಗಳ (ಇಂಜಿನ್ನಿನಲ್ಲಿ ಕೂತು ಮೀಟರಿಗೆ ಸುದ್ದಿ ಕಳಿಸುವ ಸೆನ್ಸರುಗಳ) ಸಮೇತ ತರಿಸಿದೆ. ಜೋಡಿ ಅನ್ನುವುದು ಮುಖ್ಯ. ಒಂದು ಕಂಪನಿಯ ಮೀಟರಿಗೆ ಇನ್ನೊಂದರ ಸೆಂಡರ್ ಹಾಕಿದರೂ ಮುಳ್ಳು ಆಡುತ್ತದೆ, ಆದರೆ ಅದು ತೋರಿಸುವ ಅಂಕಿಗೂ ಇಂಜಿನ್ನಿಗೂ ಸಂಬಂಧ ಇರುವುದಿಲ್ಲ.

ಮೀಟರ್ ಬರುವವರೆಗೆ ಹಳೇ ವೈರಿಂಗ್ ಬಿಚ್ಚಿದೆ. ಈ ಗಾಡಿಗೆ ನಾನು ಮೂರನೇ ಮಾಲಕ. ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿದರೆ ಹಿಂದಿನ ಇಬ್ಬರ ಇತಿಹಾಸವೇ ಹೊರಗೆ ಬಂತು. ಒಂದು ಮ್ಯೂಸಿಕ್ ಪ್ಲೇಯರಿನ ವೈರು, ಪ್ಲೇಯರ್ ಇಲ್ಲ. ಯಾವುದೋ ಜಾತ್ರೆಗೆ ಸುತ್ತಿದ್ದ ಬಣ್ಣದ ದೀಪದ ವೈರು, ತುದಿಗೆ ಟೇಪು ಸುತ್ತಿ ಬಿಟ್ಟದ್ದು. ಅದರೊಳಗೆ ಇನ್ನೂ ಕರೆಂಟಿತ್ತು! ಟೆಸ್ಟ್ ಲ್ಯಾಂಪ್ ಮುಟ್ಟಿಸಿದರೆ ಹತ್ತಿತು. ಎಲ್ಲ ಜೋಡಣೆಯೂ ಒಂದೇ ರೀತಿ: ತಾಮ್ರ ಕೆರೆದು, ಹೊಸೆದು, ಮೇಲೆ ಕರೀ ಟೇಪು. ನಮ್ಮ ಕಲಬುರಗಿ ಬಿಸಿಲಿಗೆ ಆ ಟೇಪಿನ ಅಂಟು ಕರಗಿ ಬೆಲ್ಲದ ಪಾಕದ ಹಾಗೆ ಕೈಗೆ ಹತ್ತುತ್ತದೆ, ಟೇಪು ತಾನಾಗಿ ಬಿಚ್ಚಿಕೊಳ್ಳುತ್ತದೆ. ಒಂದು ಚೀಲದಷ್ಟು ಸತ್ತ ವೈರು ಗುಜರಿಗೆ ಹೋಯಿತು.

ಹೊಸ ಲೈನಿನಲ್ಲಿ ನಾನು ಮೊದಲು ಎರಡು ತಪ್ಪು ಮಾಡಿದೆ. ಮನೆ ವೈರಿಂಗಿಗೆ ತಂದು ಉಳಿದಿದ್ದ ವೈರನ್ನೇ ಎಳೆದೆ. ಅದರ ಮೇಲಿನ ಪ್ಲಾಸ್ಟಿಕ್ 70 ಡಿಗ್ರಿ ತಾಳಲಿಕ್ಕೆ ಮಾಡಿದ್ದು. ಇಂಜಿನ್ ಪಕ್ಕದಲ್ಲಿ ಅಷ್ಟು ಬಿಸಿ ದಿನಾ ಇರುತ್ತದೆ. ಎರಡನೆಯದು ಫ್ಯೂಸು. ಬ್ಯಾಟ್ರಿಯಿಂದ ಕ್ಯಾಬಿನ್ನಿನವರೆಗೆ ಎರಡು ಮೀಟರ್ ವೈರು ಎಳೆದು, ಕೈಗೆ ಸುಲಭವಾಗಿ ಸಿಗಲಿ ಅಂತ ಕ್ಯಾಬಿನ್ನಿನೊಳಗೆ ಫ್ಯೂಸ್ ಇಟ್ಟಿದ್ದೆ. ಉಸ್ತಾದರು ನೋಡಿ ನಕ್ಕರು.

"ಫ್ಯೂಸ್ ಇರೋದು ದೀಪ ಉಳಿಸ್ಲಕ್ಕ ಅಲ್ರೀ ಅಣ್ಣಾ, ವೈರ್ ಉಳಿಸ್ಲಕ್ಕ. ಈ ಎರಡ ಮೀಟರ್ ವೈರ್ ಎಲ್ಲ್ಯಾರ ಬಾಡಿಗಿ ತಿಕ್ಕಿ ಸಿಪ್ಪಿ ಹೋತು ಅಂದ್ರ, ನಿಮ್ಮ ಫ್ಯೂಸಿಗಿ ಗೊತ್ತೇ ಆಗಲ್ಲ. ಗಾಡಿ ಸುಟ್ಟ ಮ್ಯಾಲ ಫ್ಯೂಸ್ ಹೊಸಾದ್ರಂಗ ಇರ್ತದ."

ಬಿಚ್ಚಿ ಮತ್ತೆ ಮಾಡಿದೆ. ಬ್ಯಾಟ್ರಿಯ ಪ್ಲಸ್ಸಿನಿಂದ ಒಂದು ಗೇಣಿನ ಒಳಗೇ 30 ಆಂಪಿಯರ್ ಫ್ಯೂಸು, ಅಲ್ಲಿಂದ ಗಾಡಿಗೆಂದೇ ಬರುವ 6 ಎಂಎಂ ವೈರು. ಅಂಗಡಿಯಲ್ಲಿ ಎಂಎಂ ಅನ್ನುತ್ತಾರೆ, ಖರೆ ಅಂದರೆ ಅದು ಚದರ ಮಿಲಿಮೀಟರ್. ಅದನ್ನು ವ್ಯಾಸ ಅಂತ ತಿಳಿದು ಹೆಬ್ಬೆರಳಿನಷ್ಟು ದಪ್ಪ ವೈರು ಹುಡುಕಿದವರನ್ನು ನೋಡಿದ್ದೇನೆ. ಕ್ಯಾಬಿನ್ನಿಗೆ ಬರುವ ತಗಡಿನ ತೂತಿಗೆ ರಬ್ಬರ್ ಗ್ರೊಮೆಟ್, ಇಡೀ ವೈರಿಗೆ ಸುಕ್ಕುಸುಕ್ಕಿನ ಪ್ಲಾಸ್ಟಿಕ್ ಪೈಪು. ಒಳಗೆ ಆರು ಮನೆಯ ಫ್ಯೂಸ್ ಬಾಕ್ಸು: ಕೆಂಪು 10, ನೀಲಿ 15, ಹಳದಿ 20. ಬಣ್ಣ ನೆನಪಿದ್ದರೆ ರಾತ್ರಿ ಟಾರ್ಚ್ ಬೆಳಕಿನಲ್ಲೂ ಸರಿಯಾದದ್ದೇ ಕೈಗೆ ಬರುತ್ತದೆ.

ಇದೇ ನೆಪದಲ್ಲಿ ಹೆಡ್‌ಲೈಟಿಗೂ ರಿಲೇ ಹಾಕಿದೆ. ಹಳೇ ಗಾಡಿಗಳಲ್ಲಿ ದೀಪದ ಕರೆಂಟೆಲ್ಲ ಬ್ಯಾಟ್ರಿಯಿಂದ ಚಾವಿಗೆ, ಚಾವಿಯಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಡಿಪ್ಪರಿಗೆ, ಅಲ್ಲಿಂದ ದೀಪಕ್ಕೆ ಹೀಗೆ ಊರೆಲ್ಲ ಸುತ್ತಿ ಹೋಗುತ್ತದೆ. ಇಂಜಿನ್ ಚಾಲೂ ಇಟ್ಟು ಅಳೆದರೆ ಬ್ಯಾಟ್ರಿಯಲ್ಲಿ 13.9 ವೋಲ್ಟ್, ಬಲ್ಬಿನ ಹೋಲ್ಡರಿನಲ್ಲಿ 11.8. ಎರಡು ವೋಲ್ಟು ದಾರಿ ಖರ್ಚು! ತಂತಿ ಬಲ್ಬಿಗೆ ವೋಲ್ಟೇಜು ಶೇ. 10 ಇಳಿದರೆ ಬೆಳಕು ಶೇ. 30ರ ಹತ್ತಿರ ಇಳಿಯುತ್ತದೆ. ಇಷ್ಟು ವರ್ಷ ನಾನು ಕಣ್ಣಿಗೆ ವಯಸ್ಸಾಯಿತು ಅಂದುಕೊಂಡಿದ್ದೆ. ರಿಲೇ ಕೆಲಸ ನಮ್ಮ ಗಂಜಿನ (ಧಾನ್ಯ ಮಾರುಕಟ್ಟೆಯ) ವ್ಯವಹಾರದ ಹಾಗೆ: ಸಾವ್ಕಾರರು ಗಾದಿ ಮೇಲೆ ಕೂತು ಬೆರಳು ತೋರಿಸುತ್ತಾರೆ, ಚೀಲ ಹೊರುವುದು ಹಮಾಲರು. ಹಳೇ ಸ್ವಿಚ್ಚು ಅರ್ಧ ಆಂಪಿಯರಿಗಿಂತ ಕಡಿಮೆ ಕರೆಂಟಿನಲ್ಲಿ ರಿಲೇಯ 85, 86 ನಂಬರಿನ ಕಾಲುಗಳ ನಡುವಿನ ಸುರುಳಿಯನ್ನು ಎಬ್ಬಿಸುತ್ತದೆ. 30ಕ್ಕೆ ಬಂದು ನಿಂತಿರುವ ಬ್ಯಾಟ್ರಿ ಕರೆಂಟು 87ರಿಂದ ನೇರ ದೀಪಕ್ಕೆ ಹೋಗುತ್ತದೆ. ಆಮೇಲೆ ಅಳೆದರೆ ಹೋಲ್ಡರಿನಲ್ಲಿ 13.4. ಬಲ್ಬು ಮಾತ್ರ ಅದೇ 60/55 ವ್ಯಾಟಿನದು. 100/90 ಹಾಕು ಅಂದವರು ಬಹಳ. ಎದುರಿನವನ ಕಣ್ಣು ಕಟ್ಟಿಸುವುದೂ ಬೇಡ, ವರ್ಷಕ್ಕೊಮ್ಮೆ ಫಿಟ್ನೆಸ್ಸಿಗೆ ಹೋದಾಗ ಬೈಸಿಕೊಳ್ಳುವುದೂ ಬೇಡ.

ಗಾಡಿಯ ಹಿಂದಿನ ಬಾಡಿಯೊಳಗೆ ಒಂದು ಎಲ್‌ಇಡಿ, ಕ್ಯಾಬಿನ್ನಿಗೆ ಸಣ್ಣ ಫ್ಯಾನು, ಮೊಬೈಲ್ ಚಾರ್ಜರು. ಇವಕ್ಕೆ ಹೆಚ್ಚು ಹೇಳುವಂಥದ್ದೇನಿಲ್ಲ. 44 ಡಿಗ್ರಿಯಲ್ಲಿ ಆ ಫ್ಯಾನು ಬಿಸಿಗಾಳಿಯನ್ನೇ ಬೀಸುತ್ತದೆ, ಆದರೂ ಗಾಳಿ ಆಡಿತು ಅನ್ನುವ ಸಮಾಧಾನ.

ಮೀಟರುಗಳು ಬಂದ ದಿನ ಅವನ್ನು ಗಾಡಿಗೆ ಹಾಕುವ ಮೊದಲು ಮನೆಯಲ್ಲೇ ಪರೀಕ್ಷೆ ಮಾಡಿದೆ. ಪಿಯುಸಿ ಸೈನ್ಸ್ ಅರ್ಧಕ್ಕೆ ಬಿಟ್ಟವನು ನಾನು, ಅಷ್ಟಾದರೂ ಉಪಯೋಗ ಆಗಲಿ ಅಂತ. ಅಡುಗೆಮನೆಯ ನೆಲದ ಮೇಲೆ ಹಳೇ ಬ್ಯಾಟ್ರಿ, ಮೀಟರು, ಸೆಂಡರಿನ ಹಿತ್ತಾಳೆ ಮೈಗೆ ಮೈನಸ್ ಕ್ಲಿಪ್ಪು, ಗ್ಯಾಸಿನ ಮೇಲೆ ಬೋಗೋಣಿಯಲ್ಲಿ ಕುದಿಯುವ ನೀರು. ಸೆಂಡರನ್ನು ತುದಿ ಮಾತ್ರ ಮುಳುಗುವಂತೆ ಇಳಿಬಿಟ್ಟೆ. ಮುಳ್ಳು ಏರಿ 100ಕ್ಕಿಂತ ತುಸು ಹಿಂದೆ ನಿಂತಿತು. ಮಗ ಮೀಟರ್ ಖರಾಬ್ ಅಂದ. ಖರಾಬಲ್ಲ. ನೀರು 100ಕ್ಕೆ ಕುದಿಯುವುದು ಸಮುದ್ರದ ದಂಡೆಯಲ್ಲಿ. ನಮ್ಮ ಎತ್ತರದಲ್ಲಿ ಒಂದೂವರೆ ಡಿಗ್ರಿ ಮೊದಲೇ ಕುದಿಯುತ್ತದೆ. ಮೀಟರ್ ಸರಿಯಾಗಿಯೇ ಹೇಳಿತ್ತು. ಅಷ್ಟರಲ್ಲಿ ಮನೆಯಾಕೆ ಬಂದಳು.

"ಚಹಾ ಮಾಡೋ ಬೋಗೋಣ್ಯಾಗ ಗಾಡಿ ಸಾಮಾನ ಕುದಸ್ಲತ್ತೀರೇನು? ಇನ್ನ ಅದನ್ನ ಗಾಡ್ಯಾಗೇ ಇಟ್ಕೋರಿ, ಒಳಗ ತರಬ್ಯಾಡ್ರಿ."

ಆ ಬೋಗೋಣಿ ಈಗಲೂ ಸೀಟಿನ ಹಿಂದೆ ಇದೆ.

ಸೆಂಡರುಗಳನ್ನು ಕೂಡಿಸುವ ಕೆಲಸ ಉಸ್ತಾದರದು. ನೀರಿನದು ಥರ್ಮೋಸ್ಟ್ಯಾಟಿನ ಹತ್ತಿರ. ಹೆಡ್ಡಿನ ಸೆನ್ಸರ್ ಉಂಗುರದಾಕಾರದ್ದು, ಬೋಲ್ಟಿನ ಕೆಳಗೆ ಇಟ್ಟು ಬಿಗಿಯುವಂಥದ್ದು. ನಾನು ಹೆಡ್ ಬೋಲ್ಟಿನ ಕೆಳಗೇ ಹಾಕೋಣ ಅಂದದ್ದಕ್ಕೆ ಕೈಯಲ್ಲಿದ್ದ ಪಾನಾ ಕೆಳಗಿಟ್ಟು ನನ್ನ ಮುಖ ನೋಡಿದರು. ಹೆಡ್ ಬೋಲ್ಟಿನ ಬಿಗಿ ಲೆಕ್ಕದ್ದು, ಅದರ ಕೆಳಗೆ ಏನೂ ಸೇರಿಸಬಾರದು. ಇಂಜಿನ್ ಎತ್ತಲಿಕ್ಕೆ ಹೆಡ್ಡಿಗೆ ಒಂದು ಹುಕ್ಕು ಇರುತ್ತದಲ್ಲ, ಅದರ ಬೋಲ್ಟಿನ ಕೆಳಗೆ ಕೂಡಿಸಿದರು. ಅದು ಲೋಹವನ್ನೇ ಮುಟ್ಟುತ್ತದೆ, ನೀರಿರಲಿ ಬಿಡಲಿ. ಅದಕ್ಕೊಂದು ಬಜರ್. ಆಯಿಲಿಗೆ ಹಳೇ ದೀಪದ ಸ್ವಿಚ್ ಇದ್ದ ಜಾಗದಲ್ಲಿ ಹಿತ್ತಾಳೆಯ ಟೀ, ಅಂದರೆ ಮೂರು ಬಾಯಿಯ ಜೋಡಣೆ. ಒಂದು ಬಾಯಿಗೆ ಹಳೇ ಸ್ವಿಚ್ಚೇ, ಇನ್ನೊಂದಕ್ಕೆ ಸಣ್ಣ ಹೋಸು. ಹೋಸಿನ ತುದಿಗೆ ಸೆಂಡರು, ಅದು ಹಿಂದಿನ ತಗಡಿನ ಮೇಲೆ ಪಟ್ಟಿಯಲ್ಲಿ. ಭಾರವಾದ ಸೆಂಡರನ್ನು ನೇರ ಟೀಗೆ ತಿರುಗಿಸಿದರೆ ಡೀಸೆಲ್ ಇಂಜಿನ್ನಿನ ನಡುಕಕ್ಕೆ ಅದರ ಕುತ್ತಿಗೆ ಒಂದು ದಿನ ಮುರಿಯುತ್ತದೆ.

ಸಂಜೆ ಐದಕ್ಕೆ ಚಾವಿ ತಿರುಗಿಸಿದೆವು. ಇಂಜಿನ್ ಚಾಲೂ ಆಯಿತು, ಆಯಿಲ್ 4 ಬಾರ್, ವೋಲ್ಟ್ 14.1. ಎಲ್ಲರಿಗೂ ಚಹಾ ಹೇಳಿದೆ.

ಚಹಾ ಬರುವಷ್ಟರಲ್ಲಿ ಗಾಡಿಯನ್ನು ನೆರಳಿಗೆ ತಿರುಗಿಸಲಿಕ್ಕೆ ಬಲಗಡೆ ಇಂಡಿಕೇಟರ್ ಹಾಕಿದೆ. ಆಯಿಲ್ ಮುಳ್ಳು ಕುಣಿಯತೊಡಗಿತು. ಟಿಕ್ ಅಂದರೆ ಮೇಲೆ, ಟಕ್ ಅಂದರೆ ಕೆಳಗೆ. ಇಂಡಿಕೇಟರ್ ಆರಿಸಿದರೆ ಸುಮ್ಮನಾಯಿತು. ಹೆಡ್‌ಲೈಟ್ ಹಾಕಿದರೆ ಮುಳ್ಳು ಒಂದು ಗೆರೆ ಸರಿದು ಅಲ್ಲೇ ನಿಂತಿತು. ನೀರಿನ ಮುಳ್ಳೂ ಹಾಗೇ, ಸ್ವಲ್ಪ ಕಡಿಮೆ ಕುಣಿತ ಅಷ್ಟೇ. ಗ್ಯಾರೇಜಿನ ಹುಡುಗರಿಗೆ ಇದು ದೊಡ್ಡ ತಮಾಷೆ, ಒಬ್ಬ ಹಾರ್ನ್ ಹೊಡೆದು ಕುಣಿಸಿದ.

ಇದನ್ನು ಹುಡುಕಲಿಕ್ಕೆ ಎರಡು ದಿನ ಹೋಯಿತು. ಮೀಟರು ಬದಲಿಸಿ ನೋಡಿದೆ, ವೈರು ಬದಲಿಸಿದೆ. ಎರಡನೇ ದಿನ ಮಧ್ಯಾಹ್ನ ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟ್ರಿಯ ಮೈನಸ್ಸಿಗೆ, ಇನ್ನೊಂದು ಇಂಜಿನ್ನಿನ ಮೈಗೆ ಇಟ್ಟು, ದೀಪಗಳನ್ನೆಲ್ಲ ಹತ್ತಿಸಿದೆ. ಎರಡೂ ಅರ್ತೇ, ಅಂದರೆ ಕರೆಂಟು ಬ್ಯಾಟ್ರಿಗೆ ಮರಳುವ ದಾರಿ, ನಡುವೆ ವೋಲ್ಟೇಜು ಏನೂ ಇರಬಾರದು. 0.4 ವೋಲ್ಟ್ ತೋರಿಸಿತು! ಗಾಡಿಯ ಕೆಳಗೆ ಮಲಗಿ ನೋಡಿದರೆ ಇಂಜಿನ್ನಿನಿಂದ ಬಾಡಿಗೆ ಹೋಗುವ ಹೆಣೆದ ಅರ್ತ್ ಪಟ್ಟಿ ಹಸಿರುಗಟ್ಟಿ, ನಾಲ್ಕೈದು ಎಳೆಯ ಮೇಲೆ ನೇತಾಡುತ್ತಿತ್ತು. ಮೇಲಾಗಿ ನಾನು ಆಯಿಲ್ ಸೆಂಡರಿಗೆ ನಲ್ಲಿ ಕೆಲಸದವರ ಹಾಗೆ ಬಿಳೀ ಟೇಪನ್ನು ಏಳೆಂಟು ಸುತ್ತು ಸುತ್ತಿದ್ದೆ. ಅದರ ಅರ್ತು ಟೇಪು ಸುತ್ತಿದ ಆ ತಿರುಪಿನ ಮರೆಯೊಳಗಿಂದಲೇ ಹೋಗಬೇಕು.

ಕಾಗದದ ಮೇಲೆ ಲೆಕ್ಕ ಬರೆದಾಗ ನನಗೆ ಹೆದರಿಕೆಯಾಯಿತು. ನಾನು ತಂದ ಜೋಡಿಯಲ್ಲಿ ಆಯಿಲ್ ಸೆಂಡರಿನ ಪ್ರತಿರೋಧ ಸೊನ್ನೆ ಪ್ರೆಶರಿನಲ್ಲಿ ಸುಮಾರು 10 ಓಮ್, ಪ್ರೆಶರ್ ಏರಿದಂತೆ 180ರ ಕಡೆಗೆ ಏರುತ್ತದೆ. ನೀರಿನದು ಉಲ್ಟಾ, ಬಿಸಿ ಏರಿದಂತೆ ಪ್ರತಿರೋಧ ಇಳಿಯುತ್ತದೆ. ಈಗ ಅರ್ತ್ ಕೆಟ್ಟಿತು ಅಂದರೆ ದಾರಿಯಲ್ಲಿ ಪ್ರತಿರೋಧ ಹೆಚ್ಚಿತು. ಆಯಿಲ್ ಮೀಟರ್ ಇದ್ದದ್ದಕ್ಕಿಂತ ಹೆಚ್ಚು ಪ್ರೆಶರ್ ತೋರಿಸುತ್ತದೆ, ನೀರಿನ ಮೀಟರ್ ಇದ್ದದ್ದಕ್ಕಿಂತ ಕಡಿಮೆ ಬಿಸಿ ತೋರಿಸುತ್ತದೆ. ಎರಡೂ ನಮಗೆ ಹಿತವಾಗುವ ಕಡೆಗೇ ವಾಲುತ್ತವೆ! ಮುಳ್ಳು ಕುಣಿಯದೇ ಇದ್ದಿದ್ದರೆ ನಾನು ಆ ಹಿತದಲ್ಲೇ ಬೀದರಿಗೆ ಹೋಗುತ್ತಿದ್ದೆ.

ಮೂರು ಹೊಸ ಅರ್ತ್ ಕೇಬಲ್, 16 ಎಂಎಂ: ಬ್ಯಾಟ್ರಿಯಿಂದ ಇಂಜಿನ್ನಿಗೆ, ಇಂಜಿನ್ನಿನಿಂದ ಬಾಡಿಗೆ, ಬಾಡಿಯಿಂದ ಕ್ಯಾಬಿನ್ನಿಗೆ. ಪ್ರತಿ ಬೋಲ್ಟಿನ ಕೆಳಗೂ ಬಣ್ಣ ಕೆರೆದು, ತಗಡು ಹೊಳೆಯುವವರೆಗೆ ಪಾಲೀಶ್ ಕಾಗದ ಹಾಕಿ, ಥಿಂಬಲ್ ಬಿಗಿದು, ಮೇಲೆ ವ್ಯಾಸಲೀನ್. ಆಯಿಲ್ ಸೆಂಡರಿನ ಟೇಪು ಕಿತ್ತು ಒಂದು ಹನಿ ಸೀಲಂಟು, ಅದರ ಮೈಯಿಂದ ಇಂಜಿನ್ನಿಗೆ ಬೇರೆಯೇ ಒಂದು ವೈರು. ಮತ್ತೆ ಅಳೆದರೆ 0.03. ಇಂಡಿಕೇಟರ್ ಹಾಕಿ ಹುಡುಗರನ್ನು ಕರೆದೆ. ಮುಳ್ಳು ಅಲುಗಲಿಲ್ಲ. ಬಂದವರಿಗೆ ಬೇಜಾರಾಯಿತು.

ಜೋಡಣೆಗಳ ಬಗ್ಗೆ ಒಂದು ಮಾತು. ಎಲ್ಲವನ್ನೂ ಕ್ರಿಂಪ್ ಮಾಡಿ, ಅಂದರೆ ಲೋಹದ ಕೊಳವೆಯೊಳಗಿಟ್ಟು ಒತ್ತಿ, ಮೇಲೆ ಸ್ಲೀವ್ ಹಾಕಿ ಬೆಂಕಿ ತೋರಿಸಿದೆ. ಬೆಸುಗೆ ಗಟ್ಟಿ ಅಂತ ನನ್ನ ನಂಬಿಕೆ ಇತ್ತು. ಆದರೆ ಬೆಸುಗೆ ಹೀರಿದ ವೈರು ಕಡ್ಡಿಯ ಹಾಗಾಗಿ, ನಡುಕಕ್ಕೆ ಬೆಸುಗೆ ಮುಗಿಯುವ ಜಾಗದಲ್ಲೇ ತುಂಡಾಗುತ್ತದೆ. ಇನ್ನು ಇಲಿ. ತೊಗರಿ ಗೋದಾಮಿನ ಪಕ್ಕ ಗಾಡಿ ನಿಲ್ಲಿಸುವವನಿಗೆ ಅದಕ್ಕೆ ಔಷಧ ಗೊತ್ತಿಲ್ಲ. ಈವರೆಗೆ ಎರಡು ವೈರು ಕಡಿದಿವೆ, ಎರಡೂ ಹಳೇವು.

ಮೊದಲ ತಿಂಗಳು ನಾನು ರಸ್ತೆಗಿಂತ ಮೀಟರನ್ನೇ ಹೆಚ್ಚು ನೋಡಿದೆ. ಗಾಡಿಯ ನಾಡಿ ಹೀಗೆ: ಬೆಳಗಿನ ತಣ್ಣಗಿನ ಚಾಲೂಗೆ ಆಯಿಲ್ 4ಕ್ಕಿಂತ ಮೇಲೆ, ಬಿಸಿಯಾಗಿ ಸುಮ್ಮನೆ ನಿಂತಾಗ 1.2, ಓಡುವಾಗ 3. ನೀರು ಖಾಲಿ ಗಾಡಿಗೆ 84, ಲೋಡಿಗೆ 90, ಏರಿನಲ್ಲಿ 95. ಹೆಡ್ಡು ಯಾವಾಗಲೂ ನೀರಿಗಿಂತ ಆರೇಳು ಡಿಗ್ರಿ ಮುಂದೆ. ಅದಕ್ಕೇ ಬಜರನ್ನು 110ಕ್ಕೆ ಇಟ್ಟೆ. ಈ ಅಂಕಿಗಳು ನನ್ನ ಗಾಡಿಯವು, ನಿಮ್ಮದಕ್ಕೆ ನಿಮ್ಮವೇ ಇರುತ್ತವೆ.

ಜುಲೈನಲ್ಲಿ ಮತ್ತೆ ಪರ್ಸಿ, ಮತ್ತೆ ಬೀದರ್, ಅದೇ ರಸ್ತೆ. ಹನ್ನೊಂದು ಗಂಟೆಯ ಬಿಸಿಲು. ಜೊತೆಗೆ ಇಳಿಸುವ ಹುಡುಗ ಇದ್ದ. ಕಮಲಾಪುರ ದಾಟಿ ಎರಡು ಕಿಲೋಮೀಟರ್ ಆಗಿರಬೇಕು, ವೋಲ್ಟ್ ಮೀಟರ್ 14.1ರಿಂದ 12.5ಕ್ಕೆ ಕುಸಿಯಿತು. ಮೆಲ್ಲಗಲ್ಲ, ಒಮ್ಮೆಲೇ. ಹಳೇ ಡೀಸೆಲ್ ಇಂಜಿನ್ನಿಗೆ ಓಡಲಿಕ್ಕೆ ಕರೆಂಟಿನ ಹಂಗು ಇಲ್ಲ, ಗಾಡಿ ಏನೂ ಆಗದ ಹಾಗೆ ಎಳೆಯುತ್ತಿತ್ತು. ಡ್ಯಾಶ್‌ಬೋರ್ಡಿನ ಬ್ಯಾಟ್ರಿ ದೀಪ ಹತ್ತಿತ್ತೋ ಏನೋ, ಆ ಬಿಸಿಲಿಗೆ ಅದು ಕಾಣುವುದಿಲ್ಲ. ನಾನು ಕೂಡಲೇ ಪಕ್ಕಕ್ಕೆ ತೆಗೆದು ಇಂಜಿನ್ ಆರಿಸಿದೆ.

"ಯಾಕ್ ಕಾಕಾ ನಿಂದ್ರಿಸ್ದಿ? ನೀರಿನ ಮುಳ್ಳ ಬರೋಬರಿ ಅದಲ್ಲ" ಅಂದ ಹುಡುಗ. ಅದು 91 ತೋರಿಸುತ್ತಿತ್ತು, ಖರೆ.

ಬಾನೆಟ್ ಎತ್ತಿ ತೋರಿಸಿದೆ. ಬೆಲ್ಟು ತುಂಡಾಗಿ ಫ್ಯಾನಿನ ಕೆಳಗೆ ಬಿದ್ದಿತ್ತು. ನಮ್ಮ ಗಾಡಿಯಲ್ಲಿ ಬ್ಯಾಟ್ರಿ ಚಾರ್ಜ್ ಮಾಡುವ ಡೈನಮೋ ತಿರುಗಿಸುವ ಬೆಲ್ಟೇ ನೀರಿನ ಪಂಪನ್ನೂ ತಿರುಗಿಸುತ್ತದೆ. ಅವನು ಸ್ವಲ್ಪ ಹೊತ್ತು ನೋಡಿ, "ಅಂದ್ರ ಕರೆಂಟಿನ ಮೀಟರ್ ನೀರಿನ ಸುದ್ದಿ ಹೇಳ್ತೇನು?" ಅಂದ.

ಸೀಟಿನ ಹಿಂದೆ ಬೋಗೋಣಿಯೊಳಗೆ ಸುತ್ತಿಟ್ಟಿದ್ದ ಹೊಸ ಬೆಲ್ಟು ತೆಗೆದೆ. ಬೇವಿನ ನೆರಳಿರಲಿಲ್ಲ, ಗಾಡಿಯ ನೆರಳಲ್ಲೇ ಅರ್ಧ ಗಂಟೆ ಹಿಡಿಯಿತು. ಚಾವಿ ತಿರುಗಿಸಿದಾಗ 14.1. ಹುಡುಗ ಬೀದರ್ ಬರುವವರೆಗೂ ಆ ಮೀಟರ್ ಮೇಲಿನ ಕಣ್ಣು ತೆಗೆಯಲಿಲ್ಲ.